ಹಬ್ಬಕ್ಕೆ ಒರೆಸಿದ ಬಾಟಲಿ

ಎಸ್ಸೆಸ್ಸೆಲ್ಸಿ ಮುಗಿಸಿದವನು ಗೌರಿಬಿದನೂರಿನ ಹೊರಗಿನ ಔಷಧ ಕಾರ್ಖಾನೆಯೊಂದರ ಲ್ಯಾಬಿಗೆ ಸಹಾಯಕನಾಗಿ ಸೇರಿ, ನಿವೃತ್ತಿಯವರೆಗೂ ಅಲ್ಲೇ ದುಡಿದೆ. ಪರೀಕ್ಷೆಗೆ ಔಷಧ ಕರಗಿಸುವ ದ್ರವಗಳ, ಅಂದರೆ ಸಾಲ್ವೆಂಟುಗಳ, ಬೀರು ನನ್ನ ವಶದಲ್ಲಿತ್ತು. ಆ ಕೆಲಸ ನನಗೆ ಚೆನ್ನಾಗಿ ಗೊತ್ತಿತ್ತು, ಸಂಕೋಚವಿಲ್ಲದೆ ಹೇಳುತ್ತೇನೆ. ತಪ್ಪು ಮಾಡಿದ್ದು ಗೊತ್ತಿಲ್ಲದೆ ಅಲ್ಲ.

ಟಿಎಚ್‌ಎಫ್ ಎಂಬ ಸಾಲ್ವೆಂಟ್ ಗಾಳಿ ತಾಗಿದರೆ ಕೆಡುತ್ತದೆ. ಮುಚ್ಚಳ ತೆರೆದ ದಿನದಿಂದಲೇ ಅದರಲ್ಲಿ ಪೆರಾಕ್ಸೈಡ್ ಎಂಬ ಬೇಡದ ರಾಸಾಯನಿಕ ಬೆಳೆಯತೊಡಗುತ್ತದೆ. ಔಷಧದ ಶುದ್ಧತೆ ನೋಡುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಅಂಥದ್ದನ್ನು ಹಾಕಿದರೆ ಪರದೆಯ ಗೆರೆ ನೆಟ್ಟಗೆ ಕೂರುವುದಿಲ್ಲ; ಇಲ್ಲದ ಕಲ್ಮಶ ಇದ್ದಂತೆ ಗೆರೆಯಲ್ಲಿ ಚೂಪು ಏರುಗಳು, ಪೀಕ್‌ಗಳು, ಏಳುತ್ತವೆ. ಅದಕ್ಕೇ ಬಾಟಲಿ ತೆರೆದ ತಾರೀಖನ್ನು ನಾನು ಅದರ ಮೇಲೆ ಬರೆಯಬೇಕಿತ್ತು.

ಆ ವರ್ಷ ಆಯುಧಪೂಜೆಗೆ ಯಂತ್ರಗಳ ಜೊತೆ ಬಾಟಲಿಗಳೂ ಹೊಳೆಯಲಿ ಎಂದು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ಕುಂಕುಮವಿಟ್ಟೆ. ಒಂದರ ತಾರೀಖು ಅಳಿಸಿಹೋಯಿತು. ತೆರೆದು ಬಹಳ ದಿನವಾಗಿದ್ದ ಬಾಟಲಿ. ಬಳಕೆಯಿಂದ ತೆಗೆದಿಡಬೇಕಿತ್ತು. ಹಬ್ಬದ ದಿನ ಬೈಸಿಕೊಳ್ಳುವುದು ಯಾಕೆಂದು ಅಂದಿನ ತಾರೀಖನ್ನೇ ಬರೆದೆ.

ಶಿಡ್ಲಘಟ್ಟದಿಂದ ಬರುತ್ತಿದ್ದ ಹೊಸ ಕೆಮಿಸ್ಟ್ ಹುಡುಗಿ ಅದನ್ನೇ ಬಳಸಿದಳು. ಮೂರು ದಿನ ಬೇಡದ ಪೀಕ್‌ಗಳೇ ಬಂದವು. ಲ್ಯಾಬಿನ ಮುಖ್ಯಸ್ಥರು ಎಲ್ಲರೆದುರು, "ನಿನ್ ಕೈ ಶುದ್ಧ ಇಲ್ಲ ಕಣಮ್ಮ. ಹಿಂಗಾದ್ರೆ ಕೆಲಸ ಕಾಯಂ ಮಾಡಿ ಅಂತ ಹೆಂಗೆ ಬರೀಲಿ?" ಎಂದರು.

ಅವಳು ನನ್ನ ಬಳಿ ಬಂದಳು.

"ಅಣ್ಣಾ, ಈ ಬಾಟ್ಲು ಹಬ್ಬದ ದಿನಾನೇ ತೆಗೆದಿದ್ದಾ?"

"ಹೂಂ ಕಣಮ್ಮ. ನನ್ ಬರವಣಿಗೆ ಕಾಣಲ್ವಾ?"

"ನೀವು ಬರೆದಿದ್ದೀರಲ್ಲ, ಸರಿ ಬಿಡಿ. ನಮ್ಮಮ್ಮಿ ಬಿಸಿನೀರಲ್ಲಿ ಕೈಯಿಟ್ಟು ಗೂಡಿಂದ ರೇಷ್ಮೆ ಎಳೆ ಹುಡುಕ್ತಾರೆ. ಆ ಕೈನೇ ನಂಗೂ ಬಂದಿದೆ ಅಂದ್ಕೊಂಡಿದ್ದೆ" ಎಂದು ತನ್ನ ಬೆರಳುಗಳನ್ನೇ ನೋಡಿಕೊಂಡಳು.

ಆ ನೋಟ ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಬಾಟಲಿಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು, ಅವಳ ಎದುರೇ ಎಲ್ಲವನ್ನೂ ಹೇಳಿದೆ. ಪೆರಾಕ್ಸೈಡ್ ತೋರಿಸುವ ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ ನೋಡಿದರು. ಕಡುನೀಲಿಯಾಯಿತು. ಹೊಸ ಬಾಟಲಿಯಿಂದ ಅವಳು ಯಂತ್ರ ಓಡಿಸಿದಾಗ ಗೆರೆ ತೆಪ್ಪಗೆ ಕೂತಿತು. ಅವಳ ಕೆಲಸವೂ ಕಾಯಂ ಆಯಿತು. ನನಗೆ ಬೈಗುಳ ಸಿಕ್ಕಿತು, ಅಷ್ಟೇ.

ಅವಳು ನನ್ನನ್ನು "ಅಣ್ಣಾ" ಎನ್ನುವುದನ್ನು ಬಿಡಲಿಲ್ಲ. ಆದರೆ ಅಂದಿನಿಂದ ನಾನು ತಾರೀಖು ಬರೆದು ಕೊಟ್ಟ ಪ್ರತಿ ಬಾಟಲಿಗೂ ಮೊದಲು ಪಟ್ಟಿ ಅದ್ದುತ್ತಿದ್ದಳು. ಸರಿಯಾದ ಕ್ರಮವೇ ಅದು. ಮತ್ತೆಂದೂ ಪಟ್ಟಿ ನೀಲಿಯಾಗಲಿಲ್ಲ. ಆದರೂ ನಿವೃತ್ತನಾಗುವ ದಿನದವರೆಗೂ, ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸುವ ತನಕ ನಾನು ಕೈಕಟ್ಟಿ ಅಲ್ಲೇ ನಿಂತಿರುತ್ತಿದ್ದೆ.