ಶಬ್ದವೇ ಬರಲಿಲ್ಲ

ಕೋಲಾರದ ಈಜುಕೊಳದಲ್ಲಿ ಲೈಫ್‌ಗಾರ್ಡ್ ಇದ್ದಕ್ಕಿದ್ದಂತೆ ನೀರಿಗೆ ಹಾರಿ, ನನ್ನೆದುರೇ ಇದ್ದ ಹುಡುಗಿಯೊಬ್ಬಳನ್ನು ಎತ್ತಿ ದಡದಲ್ಲಿ ಕೂರಿಸಿದರು. ಅವಳು ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಮಗಳ ಈಜು ಮುಗಿಯಲೆಂದು ಕಾಯುತ್ತಾ ಅಂಚಿನಲ್ಲಿ ಕೂತಿದ್ದ ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಆ ಹುಡುಗಿ ಆಗಿನಿಂದಲೂ ಬಾಯಿ ತೆರೆದು ನನ್ನತ್ತಲೇ ನೋಡುತ್ತಿದ್ದಳು. ಆಟವಾಡುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕಿದ್ದೆ.

ಅವಳ ತಾಯಿ ಓಡಿ ಬಂದು ಟವೆಲ್ ಹೊದಿಸಿ ತಬ್ಬಿಕೊಂಡರು. ಉಸಿರು ಹದಕ್ಕೆ ಬಂದ ಮೇಲೆ ಕುತೂಹಲ ತಡೆಯಲಾರದೆ ಕೇಳಿದೆ, "ಯಾಕಮ್ಮಾ ಕೂಗ್ಲಿಲ್ಲ? ನಾನು ಇಲ್ಲೇ ಇದ್ದೆನಲ್ಲ."

"ಕೂಗ್ದೆ ಆಂಟಿ, ನಿಮ್ಮನ್ನೇ ನೋಡ್ಕೊಂಡು ಕೂಗ್ದೆ. ಶಬ್ದಾನೇ ಬರ್ಲಿಲ್ಲ."

ಮುಳುಗುವವರು ಕೈ ಬೀಸಿ ಕಿರುಚುತ್ತಾರೆ ಎಂದೇ ಇಷ್ಟು ವರ್ಷ ನಂಬಿದ್ದೆ. ಈಗ ಮಗಳು ನೀರಿಗಿಳಿದರೆ ಅವಳ ಗಲಾಟೆಯೇ ನನಗೆ ಸಮಾಧಾನ. ಅವಳು ಸುಮ್ಮನಾದರೆ ಎದ್ದು ನಿಲ್ಲುತ್ತೇನೆ.