ಪಾಚಿ ಕಟ್ಟಿ ಸೇಡು ತೀರಿಸ್ಕೊಂಡಿದ್ದು

ದಿಂಡಿಗಲ್‌ನಾಗೆ ನಮ್ಮತ್ತೆ ಮನೆ ಹಿಂದೇನೇ ತೊಗಲು ಹದ ಮಾಡೋ ಕಾರ್ಖಾನೆ. ಅದ್ರ ನೀರು ಬೀಳೋ ಮೋರಿ ಅತ್ತೆ ಮಲ್ಲಿಗೆ ತೋಟದ ಪಕ್ಕದಲ್ಲೇ ಹರೀತದೆ. ಗಿಡಗಳೆಲ್ಲ ಸುಟ್ಟಂಗೆ ಒಣಗಿದ್ವು. ಅತ್ತೆ ಕೇಳಕ್ಕೆ ಹೋದ್ರೆ ಓನರು ಬೀದಿ ಜನದ ಮುಂದೆ ನಕ್ಕ: "ಅಕ್ಕಾ, ನಿಮ್ ಕೈಗುಣ ಸರಿಯಿಲ್ಲ. ನಮ್ ಮೋರಿ ಏನ್ ಮಾಡ್ತು?"

ಅವತ್ತು ಅತ್ತೆ ಅತ್ತುಬಿಟ್ಳು. ಅವನನ್ನ ಬಿಡಬಾರದು ಅಂತ ನಾನು ಹಲ್ಲು ಕಚ್ಚಿದೆ. ಕಾಲೇಜಲ್ಲಿ ನಂದು ಕೆಮಿಸ್ಟ್ರಿ. ಮೇಡಂ ದಾರಿ ಹೇಳಿದ್ರು: "ಪಾಚಿ ಮೈಯಿಂದಾನೇ ನೀರು ಹೀರ್ತದೆ. ತೊಗಲು ಹದ ಮಾಡಕ್ಕೆ ಹಾಕೋ ಕ್ರೋಮಿಯಂ ನೀರಲ್ಲಿದ್ರೆ ಅದರಲ್ಲೇ ಉಳೀತದೆ. ಚೊಕ್ಕ ಜಾಗದ ಪಾಚಿ ತಂದು ಮೂರು ವಾರ ಮೋರೀಲಿ ಇಳಿಬಿಡು." ಪಾಚಿ ಅಂದ್ರೆ ಸಂಬಳ ಇಲ್ಲದ ಸಿಐಡಿ!

ಚೊಕ್ಕ ಜಾಗ ಅಂದ್ರೆ ನನ್ನ ಬುದ್ಧಿಗೆ ಹೊಳೆದಿದ್ದು ಕಾಮಯಗೌಂಡನ್‌ಪಟ್ಟಿ ಮಾಮನ ದ್ರಾಕ್ಷಿ ತೋಟ. ಚಪ್ಪರದ ಕಲ್ಲುಕಂಬದ ಪಾಚಿ ಕೆರೆದು, ಈರುಳ್ಳಿ ಬಲೇಲಿ ತುಂಬಿ ಮೋರಿಗೆ ಬಿಟ್ಟೆ. ಸುಮ್ನಿದ್ನಾ? ಗೇಟ್ ಹತ್ರ ಹೋಗಿ, ಇಲ್ಲದ ಮೀಸೆ ತಿರುವಿ, "ಮೂರೇ ವಾರ ಟೈಮು ನಿಮಗೆ" ಅಂದು ಬಂದೆ.

ಮೂರು ವಾರ ಆದ್ಮೇಲೆ ಮೇಡಂ ಕರೆದ್ರು. "ಕ್ರೋಮಿಯಂ ಇದೆ. ಆದ್ರೆ ಇಷ್ಟೊಂದು ತಾಮ್ರ ಎಲ್ಲಿಂದ ಬಂತು?"

"ದ್ರಾಕ್ಷಿ ತೋಟದ ಪಾಚಿ, ಮೇಡಂ."

"ಅಲ್ಲಿ ಮೈಲುತುತ್ತ ಹೊಡೆಯಲ್ವೇನೋ? ಅದು ತಾಮ್ರಾನೇ ತಾನೇ!"

ಹೊಡೀತಾರೆ. ಪ್ರತಿ ರಜೆಗೂ ಟ್ಯಾಂಕು ಬೆನ್ನಿಗೆ ಕಟ್ಕೊಂಡು ಎಲೆ, ಕಂಬ, ಅಂಗಿ, ಮಾಮನ ನಾಯಿ ಎಲ್ಲ ನೀಲಿ ಆಗೋ ತನಕ ಹೊಡೆದ ಮಹಾಶಯ ನಾನೇ.

"ಹೋಲಿಸಕ್ಕೆ ಅದೇ ಪಾಚಿ ಒಂದು ಹಿಡಿನಾದ್ರೂ ಇಟ್ಟಿದೀಯಾ?"

ಇಟ್ಟಿರಲಿಲ್ಲ. ಸಾಲದ್ದಕ್ಕೆ ಈ ಕತೆ ಟೀ ಅಂಗಡೀಲಿ ನಾನೇ ಬಾಯ್ಬಿಟ್ಟೆ. ಮರುದಿನ ಓನರು ಕೂಗಿದ: "ತಂಬಿ, ಮೊದ್ಲು ನಿಮ್ ಮಾಮನ್ನ ಹಿಡ್ಕೊಡಪ್ಪಾ!"

ಬೀದಿಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. "ಏನ್ಲಾ, ಸಾಕಾಯ್ತಾ ಪೌರುಷ? ನಡಿ, ನಾನೂ ಬತ್ತೀನಿ."

ಇಬ್ರೂ ಕೊಂಬೈ ಬೆಟ್ಟ ಹತ್ತಿದ್ವಿ. ಹೊಲ, ತೋಟ ಎಲ್ಲ ದಾಟಿ ಮೇಲೆ, ಹಳ್ಳದ ಬಂಡೆ ಪಾಚಿ ತಂದ್ವಿ. ಒಂದು ಪಾಲು ಮೇಡಂ ಹತ್ರ ಎತ್ತಿಟ್ವಿ. ಇನ್ನೊಂದು ಪಾಲು ಮೋರೀಲಿ ಕಾರ್ಖಾನೆಗಿಂತ ಮೇಲುಗಡೆ, ಮತ್ತೊಂದು ಕೆಳಗಡೆ ಕಟ್ಟಿದ್ವಿ. ಗಂಟೆಲ್ಲ ಅತ್ತೇನೇ ಬಿಗಿದ್ಳು. ನನ್ನ ಗಂಟಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು.

ಮತ್ತೆ ಮೂರು ವಾರ ಆದ್ಮೇಲೆ ಮೇಡಂ ನೋಡಿದ್ರೆ, ಈ ಸಲ ಎತ್ತಿಟ್ಟಿದ್ದೂ ಮೇಲುಗಡೇದೂ ಚೊಕ್ಕ. ಕೆಳಗಡೇದರಲ್ಲಿ ಮಾತ್ರ ಕ್ರೋಮಿಯಂ ತುಂಬಿ ತುಳುಕ್ತಿತ್ತು. ಮೇಡಂ ಬರೆದುಕೊಟ್ಟ ರಿಪೋರ್ಟಿನ ಒಂದು ಪ್ರತಿ ಕಲೆಕ್ಟರ್ ಆಫೀಸಿಗೆ ಕೊಟ್ಟು, ಇನ್ನೊಂದು ಹಿಡ್ಕೊಂಡು ಗೇಟ್ ಮುಂದೆ ನಿಂತು, ಬೀದಿಗೆಲ್ಲ ಕೇಳೋ ಹಂಗೆ ತಮಿಳಲ್ಲಿ ಓದಿದೆ. ಓನರು ಬಂದ, ಕೇಳಿದ, ತಿರುಗಿ ಒಳಗೆ ಹೋದ.

ಮಲ್ಲಿಗೆ ಇನ್ನೂ ಚಿಗುರಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡ್ಳು.

"ಇನ್ನೊಂದ್ಸಲ ಓದ್ಲಾ. ಅವನ ಹೆಂಡ್ರಿಗೆ ಕೇಳಿಸಿಲ್ಲ."