ಮನುಷ್ಯ ನಡೆಯುವಷ್ಟು ನಿಧಾನದ ಬೈಕು

“ಟೀಚರ್ ಬಾಯಾರ, ಸ್ಪೀಡ್ ಹೆಚ್ಚ ಮಾಡ್ರಿ ಅಂತ ದಿನಾ ಹತ್ತ ಮಂದಿ ಬರ್ತಾರ. ಕಡಿಮಿ ಮಾಡ್ರಿ ಅಂತ ಬಂದವ್ರು ನೀವೊಬ್ರೇ ನೋಡ್ರಿ.”

ಸೊಲ್ಲಾಪುರದ ಗಫೂರ್ ಮಿಸ್ತ್ರಿ ನನ್ನ ಬೈಕನ್ನು ಸುತ್ತು ಹಾಕಿ ನೋಡಿ ಹೇಳಿದ ಮಾತು ಇದು. ಅವರ ಗ್ಯಾರೇಜಿನ ಗೋಡೆಯಾಚೆ ಟವೆಲ್ ನೇಯುವ ಪವರ್‌ಲೂಮ್. ಅದರ ಖಟಖಟದಲ್ಲಿ ಮಿಸ್ತ್ರಿ ಅರ್ಧ ಮಾತು ಬಾಯಿಂದ, ಅರ್ಧ ಮಾತು ಸ್ಪ್ಯಾನರ್ ಹಿಡಿದ ಕೈಯಿಂದ ಆಡುತ್ತಾರೆ.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಅಕ್ಕಲಕೋಟದ ಶಾಲೆಯಲ್ಲಿ ಗಣಿತ ಕಲಿಸುವ ನಲವತ್ತಾರರ ಹೆಂಗಸು ಟ್ರಯಲ್ಸ್ ಬೈಕ್ ಏಕೆ ಓಡಿಸುತ್ತಾಳೆ ಎಂದು ಕೇಳುವವರೆಲ್ಲ ಕೇಳಿ ಸುಸ್ತಾಗಿದ್ದಾರೆ. (ನಮ್ಮ ಯಜಮಾನರು ಇನ್ನೂ ಸುಸ್ತಾಗಿಲ್ಲ.) ಹೊಸದಾಗಿ ಓದುವವರಿಗೆ ಒಂದು ಮಾತು: ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಕಲ್ಲು, ಕೊರಕಲು, ಕೆಸರು ಯಾವುದೇ ಇರಲಿ, ಕಾಲು ನೆಲಕ್ಕೆ ಊರದೆ ಬೈಕ್ ದಾಟಿಸುವ ಆಟ. ಬೇಗ ಬಂದವರಿಗೆ ಬಹುಮಾನವಿಲ್ಲ. ಕಾಲು ಊರಿದವರಿಗೆ ದಂಡ.

ನನ್ನದು ಹಳೆಯ ನೂರು ಸಿಸಿ ಬೈಕು. ಉದ್ದ ಸೀಟು ಕಿತ್ತು ಅಂಗೈ ಅಗಲದ ಸೀಟು ಹಾಕಿಸಿದ್ದೆ, ಹ್ಯಾಂಡಲ್ ಎತ್ತರಿಸಿದ್ದೆ. ಗೇರಿಂಗ್ ಮಾತ್ರ ರೋಡಿನದೇ ಉಳಿದಿತ್ತು. ಕಲ್ಲಿನ ಮೇಲೆ ನಿಧಾನ ಮಾಡಿದರೆ ಗಕ್ಕೆಂದು ಎಳೆದು ಬಂದ್ ಬೀಳುತ್ತಿತ್ತು. ಬಂದ್ ಬೀಳದಿರಲಿ ಎಂದು ಆಕ್ಸಿಲರೇಟರ್ ತಿರುಗಿಸಿದರೆ ಹಾರುತ್ತಿತ್ತು. ಅರ್ಧ ಕ್ಲಚ್ ಹಿಡಿದೂ ಹಿಡಿದೂ ಎಡಗೈ ಬೆರಳುಗಳು ಮರಗಟ್ಟಿದ್ದವು.

ಮಿಸ್ತ್ರಿ ಪರಿಹಾರ ಹೇಳಿದರು. “ಇಂಜಿನ್ ಕಡಿ ಸ್ಪ್ರಾಕೆಟ್, ಅಂದ್ರ ಚೈನ್ ತಿರಗೂ ಹಲ್ಲಿನ ಚಕ್ರ, ಸಣ್ಣದ ಮಾಡೋಣು, ಹಿಂದಿನ ಗಾಲಿದು ದೊಡ್ಡದ ಮಾಡೋಣು. ಮುಂದ ಒಂದ ಹಲ್ಲ ಇಳಿಸಿದ್ರ ಹಿಂದ ಮೂರ ಏರಿಸಿದಂಗ. ಆದ್ರ ಮುಂದಿಂದು ಭಾಳ ಸಣ್ಣದ ಹಾಕಬಾರದ್ರಿ. ಚೈನ್ ಭಾಳ ಬಾಗಿ ತಿರಗತದ, ಜಲ್ದಿ ಹಾಳಾಗತದ.”

ಮುಂದೆ ಒಂದು ಹಲ್ಲು ಇಳಿಯಿತು. ಹಿಂದೆ ಒಂಬತ್ತು ಏರಿತು. ಚೈನಿಗೆ ನಾಲ್ಕು ಕೊಂಡಿ ಹೆಚ್ಚಿಗೆ ಬಿತ್ತು. ಮಿಸ್ತ್ರಿ ಗಾಡಿ ಸ್ಟಾರ್ಟ್ ಮಾಡಿ, ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರು. ಬೈಕು ಓಣಿಯಲ್ಲಿ ತನ್ನಷ್ಟಕ್ಕೆ ನಡೆಯತೊಡಗಿತು. ಹೌದು, ನಡೆಯತೊಡಗಿತು. ಬೇರೆ ಶಬ್ದ ಸಿಗುತ್ತಿಲ್ಲ.

“ಮನಶ್ಯಾ ನಡದಂಗ ನಡೀತದ್ರಿ ಇನ್ನ. ನಾಯಿ ಬೆನ್ನ ಹತ್ತಿದ್ರ ಮಾತ್ರ ಓಡಾಕ ಆಗಂಗಿಲ್ಲ.”

ಆ ದಿನ ಅಕ್ಕಲಕೋಟಕ್ಕೆ ಬರುವಾಗ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿದವು. ನಾನು ನಗುತ್ತ ಬಂದೆ.

ಆ ಭಾನುವಾರ ಬೆಳಗ್ಗೆ ಕುರನೂರ ಡ್ಯಾಮಿಗೆ ಹೋದೆ. ಹಿನ್ನೀರು ಇಳಿದ ಜಾಗದಲ್ಲಿ ಕಪ್ಪು ಮಣ್ಣಿನ ದಂಡೆ, ನಡುನಡುವೆ ಬಂಡೆಗಳು. ಪ್ರಾಕ್ಟೀಸಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ತಾಲೂಕಿನಲ್ಲಿಲ್ಲ. ಮಂಜು ದಟ್ಟವಾಗಿತ್ತು. ಹ್ಯಾಂಡಲ್ ಆಚೆ ಹತ್ತು ಮಾರು ಬಿಟ್ಟರೆ ಲೋಕವೇ ಇರಲಿಲ್ಲ.

ಮೊದಲ ಗೇರಿನಲ್ಲಿ ಬಿಟ್ಟೆ. ಇಂಜಿನ್ ಸಣ್ಣಗೆ ಗುಣುಗುತ್ತಿತ್ತು. ನನ್ನ ಕಣ್ಣು ಮುಂದಿನ ಗಾಲಿಯ ಮೇಲಿತ್ತು. ಆಗ ಕಂಡವು.

ಗಾಲಿಯ ಪಕ್ಕದಲ್ಲೇ ಬರಿಗಾಲಿನ ಹೆಜ್ಜೆಗಳು. ಸಣ್ಣ ಪಾದ. ಎಡಗಾಲು ಕೊಂಚ ಎಳೆದಿದೆ. ಎರಡನೆಯ ಬೆರಳಿನ ಕೆಳಗೆ ಕಾಲುಂಗುರದ ಗುರುತು ಕೂಡ ಒತ್ತಿತ್ತು.

ಡ್ಯಾಮಿನ ದಂಡೆಯಲ್ಲಿ ಯಾರಾದರೂ ನಡೆದಿರುತ್ತಾರೆ, ಅದರಲ್ಲೇನು? ಆದರೆ ಒಂದೊಂದು ಹೆಜ್ಜೆಯಲ್ಲೂ ಆಗಷ್ಟೇ ನೀರು ಜಿನುಗುತ್ತಿತ್ತು. ಅಂದರೆ ನಡೆಯುವಾಕೆ ನನ್ನ ಮುಂದೆಯೇ ಇರಬೇಕು. ನೂರು ಹೆಜ್ಜೆ ದಾಟಿದೆ. ಇನ್ನೂರು ದಾಟಿದೆ. ಮುಂದಿನ ಹೆಜ್ಜೆಯಲ್ಲೂ ಅಷ್ಟೇ ಹಸಿ, ಅಷ್ಟೇ ನೀರು. ನಾನು ಆಕೆಯನ್ನು ಮುಟ್ಟುತ್ತಲೂ ಇಲ್ಲ, ಆಕೆ ನನ್ನನ್ನು ಬಿಟ್ಟು ಹೋಗುತ್ತಲೂ ಇಲ್ಲ. ಇಬ್ಬರದೂ ಒಂದೇ ವೇಗ.

“ಯಾರ್ರೀ ಅಲ್ಲಿ?” ಎಂದು ಕೂಗಿದೆ.

ನನ್ನ ದನಿ ಮಂಜಿನಲ್ಲಿ ಎರಡು ಮಾರು ಹೋಗಿ ಸತ್ತಿತು.

ಆಕ್ಸಿಲರೇಟರ್ ತಿರುಗಿಸಿದೆ. ಇಂಜಿನ್ ಕಿರುಚಿತು, ಹಿಂದಿನ ಗಾಲಿ ಕೆಸರಲ್ಲಿ ಸುಮ್ಮನೆ ತಿರುಗಿತು, ಬೈಕು ಒಂದಡಿ ಕೂಡ ಬೇಗ ಹೋಗಲಿಲ್ಲ. ಮತ್ತೆ ಅದೇ ನಡಿಗೆ. ನಿಜ ಹೇಳಲಾ? ಬಂದ ದಾರಿಯಲ್ಲೇ ಹೊಳ್ಳಿ ಹೋಗಬೇಕೆನ್ನಿಸಿತು. ಹಗಲು ಹೊತ್ತಲ್ಲಿ, ಹೆಲ್ಮೆಟ್ ಹಾಕಿಕೊಂಡ ಗಣಿತದ ಟೀಚರಿಗೆ!

ಆಮೇಲೆ ಹೆಜ್ಜೆಗಳು ತಿರುಗಿದವು. ನೀರಿನ ಕಡೆ.

ಕೊನೆಯ ಎರಡು ಹೆಜ್ಜೆ ನೀರಿನೊಳಗಿದ್ದವು. ಅವುಗಳ ಅಂಚು ಇನ್ನೂ ಕರಗುತ್ತಿತ್ತು.

ಇಂಜಿನ್ ಬಂದ್ ಮಾಡಿದೆ. ಏನೂ ಕೇಳಿಸಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಆರೇಳು ಮಾರು ಒಳಗೆ, ನೀರಿನ ನಡುವೆ ಒಂದು ಕಂಬ. ಪಂಪ್‌ಸೆಟ್ಟಿನದಿರಬೇಕು ಅಂದುಕೊಂಡೆ.

ಕಂಬಕ್ಕೆ ಸೆರಗಿತ್ತು.

“ಅವ್ವಾ!”

ಕಂಬ ತಲೆ ತಿರುಗಿಸಿತು. ಎಪ್ಪತ್ತು ದಾಟಿದ ಮುದುಕಿ, ಸೊಂಟದ ತನಕ ನೀರು. ಗಾಬರಿಯಿಲ್ಲ, ಅಚ್ಚರಿಯೂ ಇಲ್ಲ. ಕಾದು ಕೂತವರ ಹಾಗೆ ನೋಡಿದಳು.

“ಬಂದ್ಯಾ? ಹೋದ ಸಲ ನಿಂದರಲಿಲ್ಲ ನೀ. ಕೈ ಮಾಡಿದ್ನೆಲ್ಲ.”

ಆಕೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅಥವಾ ನೋಡಿದ್ದೆನೆ? ಮೂರು ವಾರದ ಹಿಂದೆ, ಹಳೆಯ ಗೇರಿಂಗ್ ಇದ್ದಾಗ, ಇದೇ ದಂಡೆಯಲ್ಲಿ ಇಂಥದೇ ಮಂಜಿನಲ್ಲಿ ಬಂದಿದ್ದೆ. ನಿಧಾನ ಮಾಡಿದರೆ ಬಂದ್ ಬೀಳುತ್ತದೆಂದು ಎರಡನೆಯ ಗೇರಿನಲ್ಲಿ ಹೊಡೆದುಕೊಂಡು ಹೋಗಿದ್ದೆ. ಬಲಕ್ಕೆ ಏನೋ ನಿಂತಿತ್ತು. ಒಣಗಿದ ಗಿಡ, ಒಂದೇ ಕೊಂಬೆ ಮೇಲೆತ್ತಿದೆ ಅನ್ನಿಸಿತ್ತು. ಅಷ್ಟೇ. ಕಾಲು ಊರದೆ ದಾಟಿದೆನೆಂದು ಆ ದಿನ ಖುಷಿಪಟ್ಟಿದ್ದೆ.

“ಎಲ್ಲಿಗಿ ಹೊಂಟೀರಿ ಅವ್ವಾ?”

“ಮನಿಗಿ.”

“ಮನಿ ಎಲ್ಲಿ ಅದ?”

ಆಕೆ ಗದ್ದ ಎತ್ತಿ ನೀರಿನ ನಡುಭಾಗ ತೋರಿಸಿದಳು. “ಅಕಾ, ಒಲಿ ಹಚ್ಯಾರ. ಹೊಗಿ ಕಾಣಂಗಿಲ್ಲೇನು?”

ಮಂಜು ನೀರಿನಿಂದ ಎಳೆಎಳೆಯಾಗಿ ಏಳುತ್ತಿತ್ತು. ದೇವರಾಣೆ, ಒಂದು ಕ್ಷಣ ನನಗೂ ಅದು ಒಲೆಯ ಹೊಗೆಯೇ ಆಗಿ ಕಂಡಿತು. ಆಕೆ ಇನ್ನೊಂದು ಹೆಜ್ಜೆ ಇಟ್ಟಳು. ನೀರು ಎದೆಗೆ ಬಂತು.

ಬೂಟು ಸಮೇತ ಇಳಿದೆ. ಚಳಿ ಎಲುಬಿಗೆ ತಾಗಿತು. ಕೆಳಗಿನ ಮಣ್ಣು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಆಕೆಯ ಮಣಿಕಟ್ಟು ಸಿಕ್ಕಿತು, ಒಣ ಕಡ್ಡಿಯಂತಿತ್ತು. ಆದರೆ ಎಳೆದರೆ ಬರಲಿಲ್ಲ. ಅಷ್ಟು ಬಲ ಎಲ್ಲಿತ್ತೋ! ಬೈದರೆ ಕೇಳುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಏನು ಹೇಳಬೇಕೆಂದು ತಿಳಿಯದೆ ಬಾಯಿಗೆ ಬಂದದ್ದು ಹೇಳಿದೆ.

“ಅವ್ವಾ, ನಾ ದೂರದಿಂದ ಬಂದೀನಿ. ಒಂದ ಕಪ್ ಚಾ ಕೊಡಂಗಿಲ್ಲೇನ್ರಿ?”

ಆಕೆ ನಿಂತಳು. ಮುಖದಲ್ಲಿ ಏನೋ ಬದಲಾಯಿತು. “ಅಯ್ಯ, ಬಂದವರಿಗಿ ಚಾ ಇಲ್ದ ಹ್ಯಾಂಗ ಕಳಸೂದು?” ಎಂದು ತಾನೇ ನನ್ನ ಕೈ ಹಿಡಿದು ದಂಡೆಗೆ ತಿರುಗಿದಳು.

ಜಾಕೆಟ್ ತೆಗೆದು ಆಕೆಗೆ ಹೊದಿಸಿದೆ. ಬೈಕಿನಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ನಾನು ಬೈಕ್ ಏರಿ, ಆಕೆಯ ಕೈಯನ್ನು ಹ್ಯಾಂಡಲಿನ ತುದಿಗೆ ಇಟ್ಟೆ. ಕೆಸರು ಬಿಟ್ಟು ಕಲ್ಲುಬಂಡೆಗಳ ದಾರಿ ಹಿಡಿದೆವು. ಮೊದಲ ಗೇರು, ಕ್ಲಚ್ಚಿಗೆ ಕೈಯಿಲ್ಲ, ಆಕ್ಸಿಲರೇಟರಿಗೆ ಕೈಯಿಲ್ಲ. ಆಕೆ ಎಮ್ಮೆ ಹೊಡೆದುಕೊಂಡು ಹೋಗುವವಳ ಹಾಗೆ ಬೈಕನ್ನು ಹಿಡಿದುಕೊಂಡು ನಡೆದಳು. ಹಳೆಯ ಗೇರಿಂಗಿನಲ್ಲಿ ಇದು ಆಗುತ್ತಿತ್ತೆ? ಹತ್ತು ಹೆಜ್ಜೆಗೆ ಬಂದ್ ಬೀಳುತ್ತಿತ್ತು.

ಡ್ಯಾಮಿನ ಪಕ್ಕದ ಊರ ಅಂಚಿನಲ್ಲಿ ಒಬ್ಬ ಹೆಂಗಸು ಬರಿಗಾಲಲ್ಲಿ ಓಡಿ ಬಂದಳು. ಸೊಸೆ ಸವಿತಾ. “ಅತ್ತೀ!” ಎಂದು ಮುದುಕಿಯನ್ನು ಅಪ್ಪಿಕೊಂಡು ನಿಂತುಬಿಟ್ಟಳು.

ಮುದುಕಿಗೆ ಒಣ ಸೀರೆ ಉಡಿಸಿ, ನನಗೆ ಚಹಾ ಕೊಟ್ಟ ಮೇಲೆ ಸವಿತಾ ಹೇಳಿದಳು. “ಹಾಲ ಹಿಂಡೂದ್ರಾಗ ಹೋಗಿಬಿಟ್ಲ್ರಿ ಅಕ್ಕೋರ. ಆಕಿ ತವರಿನ ಹೊಲದ ಮನಿ ಡ್ಯಾಮಿನ ನೀರಾಗ ಮುಳುಗಿ ಹೋಗಿ ಭಾಳ ವರ್ಷ ಆತು. ಮಕ್ಕಳ ಹೆಸರ ಮರೀತಾಳ, ಉಂಡದ್ದ ಮರೀತಾಳ. ಆ ದಾರಿ ಒಂದ ಮರಿಯಂಗಿಲ್ಲ.”

“ಡಾಕ್ಟರಿಗೆ ತೋರಿಸೀರೇನು?”

“ಸೊಲ್ಲಾಪುರಕ್ಕ ಒಯ್ದಿದ್ವಿ. ಮರವಿನ ಬ್ಯಾನಿ ಅಂದ್ರು, ಗುಳಿಗಿ ಕೊಟ್ಟಾರ. ಹೊರಗಿಂದ ಕೊಂಡಿ ಹಾಕ್ರಿ ಅಂತ ಮಂದಿ ಅಂತಾರ. ಎರಡ ದಿನ ಹಾಕಿದ್ನಿ. ಒಳಗ ಬಾಗಲಾ ಗೀರಕೋತ ಕುಂಡರ್ತಾಳ್ರಿ. ಆ ಸಪ್ಪಳ ಕೇಳಿದ್ರ ಕೈಯಾಗಿನ ಕೆಲಸ ನಿಂದರತದ.”

ಬಾಗಿಲು ತೋರಿಸಿದಳು. ಒಳಮೈಯಲ್ಲಿ, ಕೈಗೆ ಎಟುಕುವ ಎತ್ತರದಲ್ಲಿ, ಬಣ್ಣ ಕಿತ್ತು ಹೋಗಿತ್ತು.

ವೇಗದಲ್ಲಿ ಹೋಗುವಾಗ ಮನುಷ್ಯರು ಗಿಡವಾಗುತ್ತಾರೆ, ಕಂಬವಾಗುತ್ತಾರೆ. ಇದು ಬೈಕಿಗೆ ಮಾತ್ರವೇ? ಪೋರ್ಷನ್ ಮುಗಿಸುವ ಅವಸರದಲ್ಲಿ, ಹಿಂದಿನ ಬೆಂಚಿನಲ್ಲಿ ಎತ್ತಿದ್ದ ಎಷ್ಟು ಕೈಗಳನ್ನು ನಾನು ದಾಟಿ ಹೋಗಿದ್ದೇನೋ. ಸಿಲಬಸ್ಸಿಗೆ ಹಾಕಲು ಮಿಸ್ತ್ರಿಯ ಬಳಿ ಸ್ಪ್ರಾಕೆಟ್ ಇದೆಯೇ?

ಸವಿತಾಗೆ ಹೇಳಿದೆ: ಭಾನುವಾರ ಬೆಳಗಿನ ಹೊತ್ತು ಅವ್ವ ನನ್ನ ಜೊತೆ ಇರಲಿ. ಆಕೆ ನಡೆಯಲಿ, ನಾನು ಪಕ್ಕದಲ್ಲಿ ಬೈಕ್ ನಡೆಸುತ್ತೇನೆ. ನನಗೂ ಪ್ರಾಕ್ಟೀಸ್, ನಿನಗೂ ಒಂದು ತಾಸು ಬಿಡುವು. ಸವಿತಾ ಒಪ್ಪಿದಳು.

ಮುಂದಿನ ಭಾನುವಾರ ಹೋದೆ. ಅವ್ವನಿಗೆ ನನ್ನ ಗುರುತು ಸಿಗಲಿಲ್ಲ. ಆದರೂ ಹ್ಯಾಂಡಲ್ ಹಿಡಿದು ಹೊರಟಳು. ಆ ದಿನ ಮಂಜಿರಲಿಲ್ಲ, ಚೊಕ್ಕ ಬಿಸಿಲು. ದಂಡೆಯ ಮಣ್ಣು ಒಣಗಿ ಬಿರಿದಿತ್ತು. ಹೋದ ವಾರದ ಹೆಜ್ಜೆಗಳು ಅಚ್ಚು ಹೊಡೆದಂತೆ ಗಟ್ಟಿಯಾಗಿ ಕೂತಿದ್ದವು. ನೀರು ಇನ್ನಷ್ಟು ಇಳಿದಿತ್ತು.

ಅವ್ವ ನಿಂತು ನೋಡಿದಳು. “ಯಾರ ಹೆಜ್ಜಿ ಇವು?”

“ನಿಮ್ಮವ ಅವ್ವಾ. ಹೋದ ವಾರ ಬಂದಿದ್ರೆಲ್ಲ.”

ಆಕೆ ಕುಕ್ಕರಗಾಲಲ್ಲಿ ಕೂತು ಒಂದು ಹೆಜ್ಜೆಯ ಮೇಲೆ ಅಂಗೈ ಇಟ್ಟಳು, ಮಲಗಿದ ಕೂಸಿನ ಮೈ ಮುಟ್ಟುವ ಹಾಗೆ. “ಹೋದ ಹೆಜ್ಜಿ ಅದಾವ. ಹೊಳ್ಳಿ ಬಂದ ಹೆಜ್ಜಿ ಎಲ್ಲಿ ಅದಾವ?”

ನಾವು ಕಲ್ಲಿನ ಮೇಲೆ ಬಂದೆವು, ಕಲ್ಲಿನಲ್ಲಿ ಹೆಜ್ಜೆ ಮೂಡುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ತಲೆಯೆತ್ತಿ ನನ್ನನ್ನು ನೋಡಿದಳು.

“ಪಾಪ, ಆಕಿ ಹೋಗೇಬಿಟ್ಲು,” ಎಂದಳು. “ಆಕಿನ್ನ ಯಾರೂ ಕರೀಲಿಲ್ಲ.”

ಹಾಗಾದರೆ, ಅವತ್ತು ನಾನು ಸವಿತಾಳ ಕೈಗೆ ಒಪ್ಪಿಸಿ ಬಂದದ್ದು ಯಾರನ್ನು?